ಫೋಟೋದಲ್ಲಿ ಕೂತವಳು

ದಣಿವು ಅಂದರೆ ಏನು ಅಂತ ನನಗೆ ಆ ವರ್ಷ ಗೊತ್ತಾಯಿತು. ಮಗ್ಗದ ಕುಣಿಯಿಂದ ಮೇಲೆ ಬರಬೇಕಾದರೆ ಎರಡೂ ಕೈ ಊರಬೇಕು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ತಿಂಗಳಿಗೆ ನಾಲ್ಕು ದಿನ ಇದ್ದ ಮುಟ್ಟು ಹತ್ತಾಯಿತು, ಹದಿನೈದಾಯಿತು. ನಿಲ್ಲುವ ಕಾಲಕ್ಕೆ ಹೀಗೇ ಆಗುತ್ತದೆ ಅಂತ ಓಣಿಯ ಹೆಂಗಸರೆಲ್ಲ ಹೇಳಿದರು. ನಾನೂ ನಂಬಿದೆ. ನಂಬುವುದಕ್ಕೆ ದವಾಖಾನೆಯ ಮೆಟ್ಟಿಲು ಹತ್ತಬೇಕಾಗಿರಲಿಲ್ಲವಲ್ಲ! ಕಡೆಗೆ ನಮ್ಮ ಇಳಕಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಬೈದರು. ಗರ್ಭಚೀಲದಲ್ಲಿ ಗಡ್ಡೆ ಇದೆ, ಮೈಯಲ್ಲಿ ರಕ್ತ ಅರ್ಧಕ್ಕೆ ಬಂದಿದೆ, ಇನ್ನೂ ತಡ ಮಾಡಿದರೆ ಜೀವಕ್ಕೇ ಕುತ್ತು ಅಂದರು.

"ನಿಮ್ಮ ಮನಿಯವ್ರು ಮಿಲಿಟ್ರಿಯವ್ರಲ್ಲೇನ್ರಿ? ಕಾರ್ಡ್ ಮ್ಯಾಲ ಆಪರೇಷನ್ ಮಾಡಸ್ರಿ. ಬಾಗಲಕೋಟಿ ದೊಡ್ಡ ದವಾಖಾನ್ಯಾಗ ಆಗತೈತಿ" ಅಂದರು.

ಕಾರ್ಡು ಅಂದದ್ದೇ ತಡ, ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡ ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಅವರಿಗೆ ಅಂಜಿಕೆಯಾದಾಗಲೆಲ್ಲ ಹೀಗೆ ಮಾಡುತ್ತಾರೆ. ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲು ಮೊಣಕಾಲ ಕೆಳಗೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಸರ್ಕಾರ ಪಿಂಚಣಿ ಕೊಟ್ಟಿತು, ಕಟ್ಟಿಕೊಳ್ಳುವ ಕಾಲು ಕೊಟ್ಟಿತು, ಗಂಡಹೆಂಡತಿ ಇಬ್ಬರಿಗೂ ಪುಕ್ಕಟೆ ಔಷಧೋಪಚಾರದ ಹಕ್ಕು ಕೊಟ್ಟಿತು. ಅವರ ಕಾರ್ಡು ಅವರ ಜೇಬಿನಲ್ಲಿತ್ತು. ನನ್ನದನ್ನು ನಾವು ಯಾವತ್ತೂ ಮಾಡಿಸಿರಲಿಲ್ಲ. ಮಾಡಿಸುವ ಧೈರ್ಯ ಇರಲಿಲ್ಲ.

ಯಾಕಿರಲಿಲ್ಲ ಅಂತ ಹೇಳುತ್ತೇನೆ. ಕೇಳಿದವರು ನಗುತ್ತಾರೆ, ನಗಲಿ.

ಅವರು ಕಾಲು ಕಳೆದುಕೊಂಡು ಊರಿಗೆ ಬಂದಾಗ ನಾನು ಹುನಗುಂದದ ತವರಿನಲ್ಲಿದ್ದೆ, ಹಸಿ ಬಾಣಂತಿ. ಮಗಳು ಹುಟ್ಟಿ ಒಂಬತ್ತು ದಿನ. ಆಗಲೇ ಪಲ್ಟನ್ನಿನ ದಫ್ತರದಿಂದ ಪತ್ರ ಬಂತು: ಪಿಂಚಣಿ ಕಾಗದಕ್ಕೆ ಗಂಡಹೆಂಡತಿ ಜೋಡಿಯಾಗಿ ಕೂತ ಫೋಟೋ ಬೇಕು, ತಡವಾಗಬಾರದು. ನಮ್ಮ ಕಡೆ ಬಾಣಂತಿ ಒಂದೂಕಾಲು ತಿಂಗಳು ಹೊಸ್ತಿಲು ದಾಟುವುದಿಲ್ಲ. ಫೋಟೋದ ಮಾತಂತೂ ಇಲ್ಲವೇ ಇಲ್ಲ, ಕೂಸಿಗೆ ದೃಷ್ಟಿ, ತಾಯಿಗೆ ಗಾಳಿ. ಮಾವನವರು ಕಾಗದ ಹಿಡಿದು ಒಳಗೂ ಹೊರಗೂ ಓಡಾಡಿದರಂತೆ. ಆಗ ನಮ್ಮ ಅತ್ತೆ ತೀರ್ಪು ಕೊಟ್ಟರು: "ಹಿರಿ ಸೊಸಿನ್ನ ಕುಂದರಸ್ರಿ. ತಲಿ ಮ್ಯಾಲ ಸೆರಗು ಎಳಕೊಂಡ್ರ ಯಾರಿಗೆ ಗೊತ್ತಾಗತೈತಿ? ನಮ್ಮ ಮನಿ ಸೊಸಿ ಅಂದ್ರ ಸೊಸೀನ!"

ಹಿರಿ ಸೊಸೆ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಅಕ್ಕ ಅನ್ನುತ್ತಿದ್ದೆ. ಬಾದಾಮಿ ಕಡೆಯವಳು, ಮಕ್ಕಳಿಲ್ಲದವಳು. ನಾನು ತವರಿನಲ್ಲಿ ಬಿಸಿನೀರು ಎರೆಸಿಕೊಳ್ಳುತ್ತಿದ್ದಾಗ, ಇಳಕಲ್ಲಿನಲ್ಲಿ ನನ್ನ ಗಂಡನ ಕಾಲಿನ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದವಳು ಅವಳೇ. ಆ ಕೀವಿನ ವಾಸನೆಗೆ ಸ್ವಂತ ತಾಯಿಯೇ ಮೂಗಿಗೆ ಸೆರಗು ಒತ್ತುತ್ತಿದ್ದರಂತೆ. ಪೇಟೆಯ ಸ್ಟುಡಿಯೋಗೆ ಹೋಗಿ ಮೈದುನನ ಪಕ್ಕದ ಕುರ್ಚಿಯಲ್ಲಿ ಕೂರುವುದಕ್ಕೆ ಅಕ್ಕ ನಾಚಿಕೆಯಿಂದ ಹಿಡಿಯಷ್ಟಾಗಿದ್ದಳು ಅಂತ ಮನೆಯಲ್ಲಿ ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇವೆ. ಆ ಫೋಟೋದ ಹಿಂದೆ ನನ್ನ ಹೆಸರು ಬರೆದು ಕಳಿಸಿದರು. ಪಿಂಚಣಿ ಬಂತು. ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಹೆಂಡತಿಯ ಕಾರ್ಡು ಮಾಡಬೇಕಾದರೆ ಆ ಹಳೆಯ ಜೋಡಿ ಫೋಟೋ ತೆಗೆದು ಮುಖ ತಾಳೆ ನೋಡುತ್ತಾರೆ ಅಂತ ಗೊತ್ತಾದ ಮೇಲೆ ನನ್ನ ಗಂಡ ಆ ಕಡೆ ತಲೆ ಹಾಕಲಿಲ್ಲ. "ಮೋಸ ಮಾಡ್ಯಾರ ಅಂತ ಪಿಂಚಣೀನ ನಿಲ್ಲಿಸಿಬಿಟ್ರ?" ಅನ್ನುತ್ತಿದ್ದರು. ನಾನೂ ಗಟ್ಟಿ ಆಳು, ನನಗೆಂಥ ದವಾಖಾನೆ ಅಂತ ಸುಮ್ಮನಿದ್ದೆ. ಕುಣಿ ಮಗ್ಗಕ್ಕೆ ಎರಡೂ ಕಾಲು ಬೇಕು, ಅವರು ಕೂರುವಂತಿರಲಿಲ್ಲ. ನಾನು ಕೂತೆ. ಕೂತು ಕೂತು ಇಷ್ಟಾಯಿತು.

ಬಾಗಲಕೋಟೆಗೆ ಹೋದೆವು. ಮಾಜಿ ಸೈನಿಕರ ಕಾಗದಪತ್ರ ನೋಡುವ ಕಚೇರಿ. ಮೇಜಿನ ಹಿಂದೆ ಕೂತಿದ್ದವರೂ ನಿವೃತ್ತ ಹವಾಲ್ದಾರರು, ಬಿಳಿ ಮೀಸೆ, ಇಸ್ತ್ರಿ ಮುರಿಯದ ಅಂಗಿ. ಕಂಪ್ಯೂಟರಿನಲ್ಲಿ ಫೋಟೋ ತೆರೆದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

"ಆಗ ಸಣ್ಣಾಕಿ ಇದ್ಳು ಸರ್. ಈಗ ಸೊರಗ್ಯಾಳ" ಅಂದರು ನನ್ನ ಗಂಡ. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹಣೆಯ ಮೇಲೆ ಬೆವರು.

"ಸೊರಗಲಿ ಬಿಡ್ರಿ. ಗದ್ದದ ಮ್ಯಾಲಿನ ಹಚ್ಚಿ ಎಲ್ಲಿ ಹೋತ್ರಿ?"

ಅಕ್ಕನ ಗದ್ದದ ಮೇಲೆ ಮೂರು ಹಸಿರು ಚುಕ್ಕಿ ಹಚ್ಚೆ. ಅತ್ತೆ ಸೆರಗು ಎಳೆಸಿದ್ದು ಹಣೆಯ ತನಕ, ಗದ್ದದ ನೆನಪು ಯಾರಿಗೂ ಆಗಿರಲಿಲ್ಲ. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ಸಾಕ್ ಮಾಡ್ರಿ ಇನ್ನ!" ಅಂತ ಗಂಡನಿಗೆ ಗದರಿದೆ. ಕೂತಲ್ಲೇ ಮೊದಲಿನಿಂದ ಕೊನೆಯ ತನಕ ಎಲ್ಲ ಒದರಿಬಿಟ್ಟೆ. ಬಾಣಂತನ, ಹೊಸ್ತಿಲು, ಅತ್ತೆ, ಸೆರಗು, ಗಡ್ಡೆ. "ಜೇಲಿಗೆ ಹಾಕ್ತೀರಿ? ಹಾಕ್ರಿ. ಅಲ್ಲೂ ದವಾಖಾನಿ ಇರತೈತಿ" ಅಂದೆ.

ಹವಾಲ್ದಾರರು ನಗಲಿಲ್ಲ, ಬೈಯಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಾರ, ನೀವೊಬ್ರ ಅಲ್ರಿ. ಇಂಥಾವು ಭಾಳ ನೋಡೇನಿ. ಪಿಂಚಣಿ ಅವ್ರ ಕಾಲಿಂದು, ಫೋಟೋದ್ದಲ್ಲ. ಅಂಜಬ್ಯಾಡ್ರಿ. ಆದ್ರ ಫೋಟೋದಾಗ ಕುಂತಾಕಿ ಖುದ್ದ ಬಂದು, ನಾ ಇವ್ರ ಹೆಂಡ್ತಿ ಅಲ್ಲ ಅಂತ ಪ್ರಮಾಣಪತ್ರ ಕೊಡಬೇಕು. ಅದಾಳಿಲ್ಲೋ ಆಕಿ?" ಅಂದರು.

ಇದ್ದಳು. ನಮ್ಮ ಮನೆಯಲ್ಲಿ ಇರಲಿಲ್ಲ, ಅಷ್ಟೇ.

ಭಾವನವರು ತೀರಿಕೊಂಡ ವರ್ಷವೇ ಅತ್ತೆ ಅವಳನ್ನು ತವರಿಗೆ ಕಳಿಸಿದರು. ಮಕ್ಕಳಿಲ್ಲದವಳು ಇಲ್ಲಿ ಯಾರಿಗಾಗಿ ಇರಬೇಕು ಅನ್ನುವುದು ಅವರ ಮಾತು. ಅಕ್ಕ ಟ್ರಂಕು ಹಿಡಿದು ಹೋಗುವಾಗ ನಾನು ಮಗ್ಗದ ಕುಣಿಯಲ್ಲಿ ಕೂತಿದ್ದೆ. ಏಳಲಿಲ್ಲ. "ಇರಲಿ ಬಿಡ್ರಿ ಅತ್ತಿ, ಇಲ್ಲೇ ಇರ್ಲಿ" ಅಂತ ಒಂದು ಮಾತು ಆಡಿದ್ದರೆ ಸಾಕಿತ್ತು. ಒಂದು ಕೋಣೆ ತೆರವಾಗುತ್ತದೆ ಅಂತ ಒಳಗೊಳಗೆ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆಯೂ ಹೋದ ಮೇಲೆ ಕರೆದು ತರಬಹುದಿತ್ತು. ತರಲಿಲ್ಲ.

ಅಕ್ಕನ ತವರಿನ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದಾಗ ಬಿಸಿಲು ಚುರುಗುಡುತ್ತಿತ್ತು. ನನಗೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕು, ಅವರಿಗೆ ಕಟ್ಟಿದ ಕಾಲು ಒತ್ತುತ್ತಿತ್ತು. ಇಬ್ಬರೂ ಸೇರಿ ಒಂದು ಆಳಿನಷ್ಟು ನಡೆಯುತ್ತಿರಲಿಲ್ಲ. ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಅಕ್ಕ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ನನ್ನ ಮುಖದ ಹತ್ತಿರ ಮುಖ ತಂದು, ಕಣ್ಣು ಕಿರಿದು ಮಾಡಿ ನೋಡಿದ ಮೇಲೆ ಗುರುತು ಹಿಡಿದಳು. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕರಕಾಗಿತ್ತು, ಅದು ಅವಳಿಗೆ ಕಂಡಂತಿರಲಿಲ್ಲ.

ನೀರು ಕೊಟ್ಟಳು. ಯಾಕೆ ಬಂದಿರಿ ಅಂತ ಕೇಳಲಿಲ್ಲ. ನಾನೇ ತೊದಲುತ್ತ ಹೇಳಿದೆ. ಅವಳು ಹಿಟ್ಟು ನಾದುತ್ತಲೇ ಕೇಳಿದಳು.

"ಇವ್ನ ಹೆಂಡ್ತಿ ಅಲ್ಲ ಅಂತ ಹೇಳಾಕ ನಾ ಬಾಗಲಕೋಟಿಗೆ ಬರಬೇಕಾ?" ಅಂದಳು. "ನಾ ಯಾವಾಗ ಹೌದು ಅಂದಿದ್ದೆ ತಂಗಿ? ಕುಂದ್ರು ಅಂದ್ರಿ, ಕುಂತೆ. ಹೋಗು ಅಂದ್ರಿ, ಹೋದೆ. ಈಗ ಬಾ ಅಂತೀರಿ."

ನೆಲಕ್ಕೆ ಕೈ ಊರಿ ಏಳಲು ಹೋದೆ, ಕಣ್ಣು ಕತ್ತಲೆಗಟ್ಟಿ ಗೋಡೆಗೆ ಒರಗಿದೆ. ಅವಳ ಹಿಟ್ಟಿನ ಕೈ ನನ್ನ ರಟ್ಟೆ ಹಿಡಿಯಿತು. ಕಣ್ಣಿನ ಕೆಳರೆಪ್ಪೆ ಎಳೆದು, ತೀರ ಹತ್ತಿರದಿಂದ ನೋಡಿ, "ಯವ್ವಾ, ಬಿಳಿ ಹಾಳಿ ಆಗೀಯಲ್ಲ ನೀ! ಇಷ್ಟು ದಿನ ಏನ್ ಮಾಡ್ತಿದ್ದಿ?" ಅಂತ ಬೈದಳು. ಸೋಮವಾರ ಬರುತ್ತೇನೆ ಅಂದಳು.

ಸೋಮವಾರ ಬಂದಳು, ನಮಗಿಂತ ಮೊದಲೇ. ಕಚೇರಿಯ ಎದುರಿಗೆ ಮರದ ಕೆಳಗೆ ಟೈಪು ಮಾಡುವವನು ಪ್ರಮಾಣಪತ್ರ ಹೊಡೆದು ಗಟ್ಟಿಯಾಗಿ ಓದಿದ: "ಸದರಿ ಫೋಟೋದಲ್ಲಿ ಇರುವವಳು ನಾನೇ ಆಗಿದ್ದು, ನಾನು ಸದರಿಯವರ ಹೆಂಡತಿ ಅಲ್ಲ. ಅವರಿಗೂ ನನಗೂ ಯಾವುದೇ ರೀತಿಯ ಸಂಬಂಧ ಇರುವುದಿಲ್ಲ."

ಅಕ್ಕ ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡಿದ್ದಳು. ಬೆರಳು ಹಿಂದಕ್ಕೆ ತೆಗೆದಳು.

"ಕಡೀ ಮಾತು ಇನ್ನೊಮ್ಮೆ ಓದಪಾ."

ಅವನು ಓದಿದ.

"ಇದಕ್ಕ ನಾ ಒತ್ತೂದಿಲ್ಲ."

"ಎಲ್ಲಾರಿಗೂ ಹಿಂಗ ಬರಿಯೂದ್ರಿ ಯಮ್ಮಾ. ಇದು ಪದ್ಧತಿ."

"ಹೆಂಡ್ತಿ ಅಲ್ಲ ಅಂತ ನೂರು ಸಲ ಬರಿ. ಸಂಬಂಧ ಇಲ್ಲ ಅಂತ ಬರೀಬ್ಯಾಡ. ಇವ್ನ ಕಾಲಿನ ಕೀವು ತೊಳದಾಕಿ ನಾ. ಇವ್ನ ಮಗಳಿಗೆ ನೀರ ಎರದಾಕಿ ನಾ. ಹೊರಗ ಹಾಕಿದ್ರು, ಹೋದೆ, ಅದು ಬ್ಯಾರೆ ಮಾತು. ಸಂಬಂಧ ಇಲ್ಲಂತ ಅವ್ರು ಬೇಕಾದ್ರ ಅನ್ಲಿ, ನಾ ಅನ್ನೂದಿಲ್ಲ!"

ಕಚೇರಿ ಒಂದು ಗಂಟೆಗೆ ಊಟಕ್ಕೆ ಮುಚ್ಚುತ್ತದೆ. ನನ್ನ ಸೊಂಟ ಮುರಿದು ಬೀಳುತ್ತಿತ್ತು, ಸೀರೆ ಒದ್ದೆಯಾಗುವ ಭಯ ಬೇರೆ. ಆಗ ನನ್ನ ಮನಸ್ಸಿಗೆ ಬಂದ ಮೊದಲ ವಿಚಾರ ಯಾವುದು ಅಂದರೆ, ಒತ್ತಿಬಿಡಬಾರದೇ ಈಕೆ, ಬರೀ ಕಾಗದವಲ್ಲವೇ ಅಂತ. ಇಂದಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ಬದಿಗೆ ನಿಂತಿದ್ದ ನನ್ನ ಗಂಡ ಊರುಗೋಲು ಊರಿ ಮುಂದೆ ಬಂದರು. "ಹೊಸಾ ಹಾಳಿ ಹಾಕು" ಅಂದರು ಟೈಪಿನವನಿಗೆ. "ನಮ್ಮ ಅತ್ತಿಗಿ, ತಾಯಿ ಇದ್ದಂಗ ಅಂತ ಬರಿ."

"ತಾಯಿ ಇದ್ದಂಗ ಅಂತೆಲ್ಲ ಕಾಗದದಾಗ ಬರೂದಿಲ್ರಿ. ಅಣ್ಣನ ಹೆಂಡ್ತಿ ಅಂತ ಹಾಕ್ತೇನಿ."

"ಅಷ್ಟು ಹಾಕು, ಸಾಕು" ಅಂದಳು ಅಕ್ಕ, ಒತ್ತಿದಳು.

ಹೊಸ ಜೋಡಿ ಫೋಟೋ ತೆಗೆಸಬೇಕಿತ್ತು. ಪಕ್ಕದ ಸ್ಟುಡಿಯೋದಲ್ಲಿ ನಾನು ಕುರ್ಚಿಗೆ ಒರಗಿ ಕೂತೆ. ಅಕ್ಕ ಬಂದು ನನ್ನ ಸೆರಗನ್ನು ಹಿಂದಕ್ಕೆ ಸರಿಸಿದಳು. "ಮುಖ ಕಾಣ್ಲಿ. ಮತ್ತೊಮ್ಮೆ ನನ್ನ ಕರಿಯಾಕ ಬರಬ್ಯಾಡ್ರಿ" ಅಂದಳು. ಮಾತು ಕುಟುಕಿತು, ಕೈ ಮಾತ್ರ ಮೆತ್ತಗಿತ್ತು. ಹವಾಲ್ದಾರರು ಹಳೆಯ ಫೋಟೋದ ಪ್ರತಿಯ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, ನಮ್ಮ ಹೊಸದನ್ನು ಲಗತ್ತಿಸಿದರು.

ಕಾರ್ಡು ಬರುವ ತನಕ ಒಂದು ಕಾಗದದ ಮೇಲೆ ಆಸ್ಪತ್ರೆಗೆ ಸೇರಿಸಿದರು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಇರಗೊಡುವುದಿಲ್ಲ, ಮಗಳು ಬಸುರಿ, ದಿನ ತುಂಬಿತ್ತು. ಯಾರು ಇರುತ್ತಾರೆ ಅಂತ ಯೋಚಿಸುತ್ತಿರುವಾಗ ಅಕ್ಕ ಒಂದು ಗಂಟು ರೊಟ್ಟಿ, ಒಂದು ಚಾದರ ಹಿಡಿದು ಬಂದಳು. ಎಂಟು ದಿನ ನನ್ನ ಮಂಚದ ಕೆಳಗೆ ಮಲಗಿದಳು. ಆಪರೇಷನ್ ಮಾಡಿ ತೆಗೆದ ಗಡ್ಡೆ ಕೆಟ್ಟದ್ದಲ್ಲ ಅಂತ ರಿಪೋರ್ಟು ಬಂದ ದಿನ ನನಗಿಂತ ಮೊದಲು ಅತ್ತವಳು ಅವಳು.

ಆ ಎಂಟು ದಿನದಲ್ಲಿ ನನಗೆ ಗೊತ್ತಾಯಿತು, ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಲೋಟ ಹಿಡಿಯುವಾಗ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು. ನನ್ನ ಕಾರ್ಡು ಇಸಿದುಕೊಳ್ಳಲು ಹೋದಾಗ ಹವಾಲ್ದಾರರನ್ನು ಕೇಳಿದೆ: "ಸರ್, ನಮ್ಮ ಅಕ್ಕನ್ನೂ ಇದರಾಗ ಸೇರಿಸಾಕ ಬರತೈತೇನ್ರಿ?"

ಅವರು ಅರ್ಜಿಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಹೆಂಡತಿ, ಮಕ್ಕಳು, ತಂದೆ, ತಾಯಿ. "ಅತ್ತಿಗಿಗೆ ಕಾಲಂ ಇಲ್ರಿ ಅಕ್ಕಾರ" ಅಂದರು. ಅವರಿಗೂ ಬೇಜಾರಾದಂತೆ ಕಂಡಿತು.

ಸರ್ಕಾರದ ಕಡತದಲ್ಲಿ ಅವಳು ನಮ್ಮ ಮನೆಯವಳಾಗಿ ಕೂತದ್ದು ಆ ಒಂದು ಫೋಟೋದಲ್ಲಿ. ನನ್ನ ಜೀವಕ್ಕೋಸ್ಕರ ಅದಕ್ಕೂ ಕೆಂಪು ಗೆರೆ ಹೊಡೆಸಿ ಬಂದಿದ್ದೆ. ಕುಳಗೇರಿ ಕ್ರಾಸಿಗೆ ಹೋಗಿ ಶೆಡ್ಡಿನಲ್ಲಿ ಕೂತು, "ಕಾರ್ಡಿನ್ಯಾಗ ಅತ್ತಿಗಿಗೆ ಕಾಲಂ ಇಲ್ಲಂತ ಅಕ್ಕಾ. ಇರ್ಲಿ, ಕಣ್ಣು ನಾವ ಮಾಡಸ್ತೇವಿ. ಮನಿಗಿ ಬಾ, ಕೋಣಿ ಖಾಲಿ ಐತಿ" ಅಂದೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

"ಕಣ್ಣು ಮಾಡ್ಸು. ಮನಿ ಮಾತು ಆಮ್ಯಾಲ ನೋಡೂಣು" ಅಂದಳು. ಆಮೇಲೆ ಸಿಟ್ಟಿಲ್ಲದೆ ಹೇಳಿದಳು: "ಕಾಲಂ ಇಲ್ಲಂದ್ರ ಇಲ್ಲ ಬಿಡವಾ. ಆ ಫೋಟೋದ ಹಿಂದನೂ ನಿನ್ನ ಹೆಸರ ಇತ್ತು. ನನ್ನ ಹೆಸರು ಏನಂತ ಅವತ್ತೂ ಯಾರೂ ಕೇಳಿದ್ದಿಲ್ಲ."

ಖಾನಾವಳಿಯವನು ಬರುವ ಹೊತ್ತಾಗಿತ್ತು. ಅವಳು ತಡಕಾಡಿ ಹಿಟ್ಟಿನ ಪರಾತ ಎಳೆದುಕೊಂಡಳು, ನಾನು ಹಂಚಿನ ಮುಂದೆ ಕೂತು ಅವಳು ಬಡಿದ ರೊಟ್ಟಿ ಬೇಯಿಸಿದೆ.