ಅಜ್ಜಿಯ ಆಯಸ್ಸು ಹೆಚ್ಚಿಸಿದ ಪೊಟ್ಟಣ

ನಾನು ಚಿಕ್ಕವನಿದ್ದಾಗ ಸರಗೂರಿನ ದಿನಸಿ ಅಂಗಡಿಗೆ ಹೋದವರು ಸಾಮಾನಿನ ಹೆಸರು ಹೇಳುತ್ತಿದ್ದುದೇ ಕಡಿಮೆ. ನಾಮಕರಣ, ಐವತ್ತು ಎಲೆ ಊಟ ಎಂದರೆ ಮುಗಿಯಿತು. ಅಂಗಡಿಯ ಶೆಟ್ಟರು ಬೇಳೆ, ಬೆಲ್ಲದಿಂದ ಹಿಡಿದು ಕರ್ಪೂರದವರೆಗೆ ಎಲ್ಲವನ್ನೂ ತಾವೇ ಅಂದಾಜು ಮಾಡಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ದಾರ ಸುತ್ತಿ ಕೊಡುತ್ತಿದ್ದರು.

ಅಕ್ಕನ ನಿಶ್ಚಿತಾರ್ಥದ ಹಿಂದಿನ ದಿನ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಅಂದು ಸಂತೆ. ಅಂಗಡಿಯ ತುಂಬ ಜನ, ಒಣಮೆಣಸಿನಕಾಯಿಯ ಘಾಟು, ಸೀಮೆಎಣ್ಣೆಯ ವಾಸನೆ. ನಮ್ಮಪ್ಪನೋ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವಂಥ ಮನುಷ್ಯ. "ನಾಳೀಕೆ ಐವತ್ತು ಎಲೆ ಕಣ್ರೀ, ನೀವೇ ನೋಡಿ ಕಟ್ಬುಡಿ," ಎಂದಷ್ಟೇ ಹೇಳಿ, ಯಾವ ಕಾರ್ಯವೆಂದು ತಿಳಿಸದೆ ಚೀಲ ಮುಂದಿಟ್ಟರು.

ಶೆಟ್ಟರು ಅಪ್ಪನ ತಲೆ ನೋಡಿದರು. ಅಕ್ಕನಿಗೆ ಒಳ್ಳೆಯ ಸಂಬಂಧ ಕೂಡಿಬಂತೆಂದು ಅಪ್ಪ ಹರಕೆ ತೀರಿಸಿ ತಲೆ ಬೋಳಿಸಿಕೊಂಡಿದ್ದರು. ನಮ್ಮ ಕಡೆ ಹೆತ್ತವರು ತೀರಿಕೊಂಡಾಗಲೂ ಗಂಡಸರು ತಲೆ ಬೋಳಿಸುತ್ತಾರೆ. ಹೋದಾಗಲೆಲ್ಲ ಬೆಲ್ಲದ ಚೂರು ಕೊಟ್ಟು ರೇಗಿಸುತ್ತಿದ್ದ ಶೆಟ್ಟರು ಅಂದು ಸುಮ್ಮನೆ ನನ್ನ ಬೆನ್ನು ಸವರಿದರು. ಏನೂ ಕೇಳಲಿಲ್ಲ.

ಮನೆಗೆ ಬಂದು ಜಗಲಿಯ ಮೇಲೆ ಪೊಟ್ಟಣ ಬಿಚ್ಚಿದೆವು. ಬೇಳೆ ಬೆಲ್ಲದ ಜೊತೆ ಕರಿಎಳ್ಳು, ವಿಭೂತಿ, ಕಟ್ಟುಗಟ್ಟಲೆ ಊದುಬತ್ತಿ. ಅರಿಶಿನವಿಲ್ಲ, ಕುಂಕುಮವಿಲ್ಲ, ಕಲ್ಲುಸಕ್ಕರೆಯಿಲ್ಲ.

"ಯಾರ ತಿಥಿಗ್ಲಾ ಇದು?" ಎಂದು ಅಪ್ಪನ ತಾಯಿ, ನಮ್ಮಜ್ಜಿ ಕೇಳಿದರು. ಅಪ್ಪ ತಮ್ಮ ತಲೆ ಮುಟ್ಟಿ ನೋಡಿಕೊಂಡರು.

"ಗಂಡಿನೋರ್ಗೆ ಗೊತ್ತಾದ್ರೆ ಅಪಶಕುನ ಅಂತ ಬುಟ್ಟೋಯ್ತಾರೆ," ಎಂದು ಅಕ್ಕ ಅಳತೊಡಗಿದಳು. ಅವಳು ಅತ್ತದ್ದು ನೋಡಿ ನನಗೂ ಅಳು ಬಂತು. ಅಕ್ಕನ ಮದುವೆಯೇ ನಿಂತುಹೋಯಿತೆಂದು ನಾನು ನಂಬಿಬಿಟ್ಟಿದ್ದೆ.

ಸಂಜೆ ಶೆಟ್ಟರೇ ಸೈಕಲ್ ಏರಿ ಬಂದರು, ಕೈಯಲ್ಲಿ ಹೂವಿನ ಹಾರ. ಅಜ್ಜ ಎಂದೋ ತೀರಿಕೊಂಡಿದ್ದರಿಂದ ಅಜ್ಜಿಯೇ ಹೋಗಿಬಿಟ್ಟರೆಂದು ಸಮಾಧಾನ ಹೇಳಲು ಬಂದವರು, ಜಗಲಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿಯನ್ನೇ ಕಂಡು ಸೈಕಲ್ ಕೈಬಿಟ್ಟರು. ಅದು ಬೇಲಿಗೆ ಹೋಗಿ ಬಿತ್ತು.

"ಬದುಕಿವ್ನಿ ಕಣಪ್ಪ, ಬಾ ಕೂತ್ಕೊ," ಎಂದರು ಅಜ್ಜಿ.

ವಿಷಯ ತಿಳಿದ ಶೆಟ್ಟರು ಕೈಮುಗಿದರು. "ಕೇಳುದ್ರೆ ನೋವಾಯ್ತದೆ ಅಂತ ಕೇಳ್ನಿಲ್ಲ ಕಣವ್ವ. ಕೇಳ್ಬೇಕಿತ್ತು." ಅಪ್ಪ ಚೀಲ ಹಿಡಿದು ಎದ್ದರೂ ಬಿಡದೆ, ತಾವೇ ಸರಗೂರಿಗೆ ಸೈಕಲ್ ತುಳಿದು, ಮುಚ್ಚಿದ್ದ ಅಂಗಡಿ ತೆಗೆದು, ದೀಪ ಹಚ್ಚುವ ಹೊತ್ತಿಗೆ ಅರಿಶಿನ ಕುಂಕುಮ ತಂದರು. ಕಲ್ಲುಸಕ್ಕರೆಯ ಪೊಟ್ಟಣವನ್ನು ಅಕ್ಕನ ಕೈಗೇ ಕೊಟ್ಟರು. ಆದರೂ ಅಕ್ಕ ಬಿಕ್ಕುತ್ತಲೇ ಇದ್ದಳು.

"ಬದುಕಿರೋರು ಸತ್ರು ಅಂತ ಸುದ್ದಿ ಉಟ್ಟುದ್ರೆ ಆಯಸ್ಸು ಜಾಸ್ತಿ ಕಣವ್ವ," ಎಂದರು ಅಜ್ಜಿ. "ಗಂಡಿನೋರ್ಗೆ ನಾನೇ ಯೋಳ್ತೀನಿ, ಸುಮ್ನಿರು."

ಮಾರನೆಯ ದಿನ ಹೇಳಿಯೂ ಬಿಟ್ಟರು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುವೆಯೂ ಆಯಿತು. ಅಜ್ಜಿ ಅಕ್ಕನ ಮಕ್ಕಳನ್ನು ಎತ್ತಿ ಆಡಿಸಿದ ಮೇಲೆಯೇ ಹೋದದ್ದು.

ಮಕ್ಕಳೇ, ಈಗ ನೀವು ಹುಣಸೂರಿನ ಮಾರ್ಟಿನಲ್ಲಿ ಬುಟ್ಟಿ ಹಿಡಿದು ಬೇಕಾದ್ದನ್ನು ನೀವೇ ಆರಿಸಿಕೊಳ್ಳುತ್ತೀರಿ. ಯಾರ ಮನೆಯಲ್ಲಿ ಏನು ಎಂದು ಯಾರೂ ಊಹಿಸಬೇಕಿಲ್ಲ, ಇಂಥ ತಪ್ಪೂ ಆಗುವುದಿಲ್ಲ. ನನಗೂ ಅದು ಇಷ್ಟವೇ. ಮೊನ್ನೆ ಬಿಲ್ ಹಾಕುವ ಹುಡುಗಿ ನಮ್ಮ ಬುಟ್ಟಿ ನೋಡಿ, "ಏನ್ ತಾತ, ಮನೇಲಿ ವಿಸೇಸ?" ಎಂದಳು. "ಅವರಿಗ್ಯಾಕೆ ತಾತ?" ಎಂದು ನೀವು ನನ್ನ ಅಂಗಿ ಜಗ್ಗಿದಿರಿ. "ಮೊಮ್ಮಗಳ ಹುಟ್ಟುಹಬ್ಬ ಕಣವ್ವ," ಎಂದು ನಾನು ಹೇಳಿಯೇ ಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಿಮ್ಮಲ್ಲಿ ಚಿಕ್ಕವಳು ನಾಚಿಕೊಂಡು ನನ್ನ ಹಿಂದೆ ಅಡಗಿದಳು. ನನಗಂತೂ ಬಲು ಸಂತೋಷವಾಯಿತು. ಕೇಳುವವರು ಇನ್ನೂ ಇದ್ದಾರಲ್ಲ. ನಾಳೆ ಹೋದಾಗ ನೀವೇ ಆ ಬಿಲ್ ಹಾಕುವ ಹುಡುಗಿಯನ್ನು, ಊಟ ಆಯ್ತೇನಕ್ಕ ಎಂದು ಕೇಳಿ ನೋಡಿ.