ಗಬ್ಬೂರಿನ ಮದುವೆಗೆ ಹೋದ ಭಾರತ ತಂಡದ ಕೋಟು

ಟ್ರಂಕಿನ ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ ಗಪ್ಪನೆ ಬಡಿಯಿತು. ಮೇಲೆಯೇ ಶರಣಪ್ಪ ಕಾಕಾನ ನೀಲಿ ಕೋಟು, ಎದೆಗೆ ಭಾರತ ತಂಡದ ಬಿಲ್ಲೆ. ಹಾಕಿಕೊಂಡೆ, ಗುಂಡಿ ಕೂಡಲು ಹೊಟ್ಟೆ ಒಪ್ಪಲಿಲ್ಲ. ಮೊದಲ ಸಲ ಪರವೂರಿಗೆ ಕಬಡ್ಡಿ ಆಡಲು ಹೊರಟ ಮೊಮ್ಮಗಳು ನಕ್ಕಳು. ಬೆಳಿಗ್ಗೆಯಿಂದ ಅವಳಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಬ್ಯಾಡ ಬೇ, ಅಷ್ಟು ದೂರ ಯಾಕ?"

ಕಾಕಾ ಮಾನ್ವಿಯ ಡ್ರಿಲ್ ಮಾಸ್ತರ, ಕೂಲಿ ಮಾಡುತ್ತಲೇ ಓದಿದವನು. ಕಬಡ್ಡಿ ಸಂಘದ ಪತ್ರ ಬರೆಯುತ್ತ, ಅಂಕಣಕ್ಕೆ ತಾನೇ ಸುಣ್ಣ ಹಾಕುತ್ತ, ತಾಲೂಕು, ಜಿಲ್ಲೆ, ರಾಜ್ಯ ದಾಟಿ, ಎಂಬತ್ತರ ದಶಕದಲ್ಲಿ ಭಾರತ ತಂಡದ ಮ್ಯಾನೇಜರನಾಗಿ ಪರದೇಶಕ್ಕೆ ಹೋಗಿಬಂದ. ಹುಡುಗರ ಪಾಸ್‌ಪೋರ್ಟುಗಳನ್ನು ನಡಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದನಂತೆ. ನಮ್ಮ ಮಂದಿಗೆ ಅದೆಲ್ಲ ಯಾಕೆ? ಅವರಿಗೆ ಬೇಕಾದದ್ದು ಲಗ್ನಕ್ಕೆ ತೊಡಲು ಆ ಕೋಟು. ಮಾನ್ವಿ, ದೇವದುರ್ಗದ ಕಡೆ ಆಗ ಲಗ್ನವಾದವರ ಫೋಟೊ ನೋಡ್ರಿ, ಅರ್ಧ ಮದುಮಕ್ಕಳು ಭಾರತ ತಂಡದವರೇ!

ಕೇಳಿದವರಿಗೆ ಕಾಕಾ ಇಲ್ಲವೆಂದವನಲ್ಲ. "ಹಾಕ್ಕೊಳ್ಳಲಿ ಬಿಡು, ದೇಶ ನಂದೊಬ್ಬಂದೇನು?"

ಎರಡನೆಯ ಸಲ ಪರದೇಶಕ್ಕೆ ಹೊರಡುವ ದಿನ ಗೂಟದಲ್ಲಿ ಕೋಟಿಲ್ಲ. ಸಂಜೆ ರಾಯಚೂರಿನಲ್ಲಿ ಬೊಂಬಾಯಿ ರೈಲು. ಪರದೇಶದ ಮೈದಾನದಲ್ಲಿ ತಂಡದ ಮುಂದೆ ನಡೆಯಬೇಕಾದವನು ಕಾಕಾ, ಕೋಟಿಲ್ಲದೆ ನಡೆಯುವಂತಿಲ್ಲ. ಆಗಷ್ಟೇ ನೌಕರಿ ಹಿಡಿದಿದ್ದ ಮಹಾ ಶಾಣ್ಯಾ ನಾನು, ಅವನು ಹೊರಡುವುದು ಮುಂದಿನ ವಾರ ಅಂದುಕೊಂಡು, ಹೇಳದೆ ಕೇಳದೆ ಗೆಳೆಯನ ಲಗ್ನಕ್ಕೆ ಕೊಟ್ಟುಬಿಟ್ಟಿದ್ದೆ.

"ಯಾರಿಗೆ ಕೊಟ್ಟೀಯಲೇ?"

"ಗಬ್ಬೂರ ಈರಣ್ಣಗ, ಕಾಕಾ. ಇವತ್ತ ಅಕ್ಕಿಕಾಳು ಬೀಳ್ತಾವ."

"ನಡಿ," ಎಂದ, ಅಷ್ಟೇ. ಇಬ್ಬರೂ ಗಬ್ಬೂರಿನ ಬಸ್ಸು ಹತ್ತಿದೆವು.

ಚಪ್ಪರದೊಳಗೆ ಕೋಟು ತೊಟ್ಟ ಈರಣ್ಣನ ಮೇಲೆ ಅಕ್ಷತೆ ಸುರಿಯುತ್ತಿತ್ತು. ಕಾಕಾ ತಾನೂ ನಾಲ್ಕು ಕಾಳು ಹಾಕಿ, ಕೈ ಚಾಚಿದ. "ತಮ್ಮಾ, ನೀನಂತೂ ಗೆದ್ದಿ. ಇನ್ನ ನಮ್ಮ ಹುಡುಗರು ಗೆಲ್ಲಬೇಕು, ಬಿಚ್ಚು!" ಚಪ್ಪರವೆಲ್ಲ ಹೋ ಎಂದು ನಕ್ಕಿತು. ಈರಣ್ಣನೇ ಕೋಟು ಬಿಚ್ಚಿ ಕಾಕಾನಿಗೆ ತೊಡಿಸಿದ. ರೈಲೂ ಸಿಕ್ಕಿತು.

ಪರದೇಶದಲ್ಲಿ ಮೈದಾನಕ್ಕಿಳಿಯುವ ಮುನ್ನ ಜೇಬಿಗೆ ಕೈ ಹಾಕಿದರೆ ಅರಿಶಿನ ಹಚ್ಚಿದ ಅದೇ ಅಕ್ಷತೆ! ಕಾಕಾ ಹುಡುಗರನ್ನೆಲ್ಲ ಬಾಗಿಸಿ ತಲೆಗೆ ಹಾಕಿದನಂತೆ. "ಅವರವ್ವಗೋಳು ಅಲ್ಲಿ ಇರಲಿಲ್ಲಲ್ಲೋ," ಎಂದ ತಿರುಗಿ ಬಂದಮೇಲೆ. "ಹರಸಾಕ ಯಾರರ ಬೇಕಲ್ಲ?" ಹುಡುಗರು ಗೆದ್ದು ಬಂದಿದ್ದರು.

ಈಗ ನಾನೂ ಜೇಬಿಗೆ ಕೈ ಹಾಕಿದೆ. ಹೊಲಿಗೆಯ ಮೂಲೆಯಲ್ಲಿ ಮೂರು ಕಾಳು. ಕಣ್ಣು ತುಂಬಿತು, ನಗುವೂ ಬಂತು.

"ತಲಿ ಬಾಗಿಸು ಬೇ."

"ಹೋಗಬ್ಯಾಡ ಅನ್ನಾಕತ್ತಿದ್ದಿ, ತಾತಾ?"

ಮೂರೂ ಕಾಳು ಹಾಕಿದೆ. "ಆಡಿ ಬಾ."

"ಹಂಗಾರ ಕೋಟೂ ಕೊಡು," ಎಂದಳು ಕಳ್ಳಿ.

ಗೋಡೆಯ ಮೇಲಿನ ಫೋಟೊದಲ್ಲಿ ಕಾಕಾ ನೋಡುತ್ತಿದ್ದ. ಈ ಸಲ ಅವನನ್ನು ಕೇಳಿಯೇ ಕೊಟ್ಟೆ.