ಬೆರಕೆ ಸೊಪ್ಪಿನ ಅಳತೆ

ಬೆರಕೆ ಸೊಪ್ಪಿನ ಬಸ್ಸಾರು ಉಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಉಣ್ಣದವರ ಮೇಲೆ ಕೋಪವೂ ಇಲ್ಲ, ಕೊಂಚ ಕನಿಕರವಿದೆ, ಅಷ್ಟೆ. ಮಳೆ ಬಿದ್ದು ನೆಲ ಹಸನಾದ ಮೇಲೆ ಹೊಲದ ಬದುವಿನಲ್ಲಿ ನಡೆಯುತ್ತ, ಅಣ್ಣೆ, ಕನ್ನೆ, ಕಿರಕಸಾಲೆ, ಗೋಣಿ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಚಿವುಟಿ ಮಡಿಲಿಗೆ ಹಾಕಿಕೊಂಡು ಬಂದು, ಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಬಿಸಿ ಮುದ್ದೆಯನ್ನು ಅದರಲ್ಲಿ ಅದ್ದಿ ನುಂಗುವ ಸುಖವನ್ನು ಯಾವ ಸೊಪ್ಪೂ ಒಂಟಿಯಾಗಿ ಕೊಡಲಾರದು. ಬೆರಕೆ ಸೊಪ್ಪೆಂದರೆ ಯಾರೂ ಬಿತ್ತದೆ ಬಂದಿರಬೇಕು, ಬಗೆಬಗೆಯಾಗಿರಬೇಕು. ಈ ವಿದ್ಯೆ ನನಗೆ ಕಲಿಸಿದವಳು ನಮ್ಮಕ್ಕ ಜಯಮ್ಮ. ಮುಂದೆ ನಾನು ಅರಸೀಕೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದೆ. ಅವಳು ಗಂಡಸಿ ಕಡೆಯ ಹಳ್ಳಿಯೊಂದರಲ್ಲಿ ಒಂದಿಷ್ಟು ತೆಂಗು, ಒಂದಿಷ್ಟು ರಾಗಿ, ಮತ್ತು ಕೆಂದಿ ಎಂಬ ಹಸುವಿನ ಒಡತಿಯಾದಳು.

ಅಕ್ಕನ ಊರಿನ ಗುಡ್ಡ ಒಂದು ಕಾಲಕ್ಕೆ ಗೋಮಾಳ. ಆಮೇಲೆ ಅದು ಕಲ್ಲುಕೋರೆಯಾಗಿ, ಜಲ್ಲಿಯಾಗಿ, ಯಾವ್ಯಾವುದೋ ರಸ್ತೆಗಳ ಕೆಳಗೆ ಹೋಗಿ ಮಲಗಿತು. ಕಲ್ಲು ತೀರಿದ ಮೇಲೆ ಗುತ್ತಿಗೆದಾರರು ಗುಂಡಿ ಮುಚ್ಚಿ, ಮಣ್ಣು ಹರಡಿ, ಹಸಿರು ಬೆಳೆಸಿ, ಸುತ್ತಲೂ ತಂತಿಬೇಲಿ ಬಿಗಿದರು. ಹಸಿರು ನೆಲೆಯೂರಿದೆ ಎಂದು ಒಂದು ಸಮಿತಿ ಒಪ್ಪಿದರೆ ಬೇಲಿ ತೆಗೆದು ನೆಲವನ್ನು ಊರಿಗೆ ಬಿಡುವುದು, ಗುತ್ತಿಗೆದಾರರ ಹೊಣೆಯೂ ಅಲ್ಲಿಗೆ ಮುಗಿಯುವುದು; ಒಪ್ಪದಿದ್ದರೆ ಇನ್ನೊಂದು ಮಳೆಗಾಲದವರೆಗೆ ಆರೈಕೆ ಅವರದ್ದೇ, ದನಗಳು ಬೇಲಿಯಾಚೆಯೇ. ಆ ಸಮಿತಿಗೆ ನನ್ನನ್ನೂ ಸೇರಿಸಿದರು. ಅಕ್ಕನಿಗೆ ಹಿಗ್ಗೋ ಹಿಗ್ಗು. ಅವಳ ಹುಲ್ಲಿನ ಮೆದೆ ತಳ ಕಂಡಿತ್ತು, ಬೇಲಿ ತೆಗೆಯದಿದ್ದರೆ ಕೆಂದಿಯನ್ನು ಮಾರದೆ ಬೇರೆ ದಾರಿಯಿರಲಿಲ್ಲ. “ನೀನೇ ಇದೀಯಲ್ಲ ಕಣೇ, ಇನ್ನೇನು ಬುಡು, ಕೆಲ್ಸ ಆದಂಗೇಯ!” ಎಂದಳು.

ಆದರೆ ನೀವೇ ಹೇಳಿ, ಹಸಿರು ಬಂದಿತು ಎನ್ನುವುದಕ್ಕೆ ಅಳತೆ ಯಾವುದು? ಬದುಕಿರುವ ಸಸಿಗಳನ್ನು ಎಣಿಸೋಣ ಎಂದರು ಒಬ್ಬರು. ಆಕಾಶದಿಂದ ಚಿತ್ರ ತೆಗೆಸೋಣ ಎಂದರು ಇನ್ನೊಬ್ಬರು. ಆಕಾಶದಿಂದ ನೋಡಿದರೆ ಬಣ್ಣ ಬಳಿದ ತಾರಸಿಯೂ ಹಸಿರೇ. ನನ್ನ ಮನಸ್ಸು ಎಂದಿನಂತೆ ಸಭೆ ಬಿಟ್ಟು ಹಳೇಬೀಡಿಗೆ ಹೋಯಿತು. ಅಲ್ಲಿನ ಶಿಲ್ಪಗಳ ಮುಂದೆ ಬಾಯಿ ತೆರೆದು ನಿಲ್ಲುವ ನಾವು, ಆ ಕಲ್ಲನ್ನು ಎಬ್ಬಿಸಿದ ಗುಂಡಿ ಎಲ್ಲಿ ಎಂದು ಕೇಳಿದ್ದುಂಟೆ? ಕೇಳುವ ಹಾಗೆಯೇ ಇಲ್ಲ, ಏಕೆಂದರೆ ಆ ಗುಂಡಿಗಳನ್ನು ಯಾರ ಅಪ್ಪಣೆಗೂ ಕಾಯದೆ ಗಾಳಿ, ಹಕ್ಕಿ, ಇರುವೆಗಳೇ ಬೀಜ ತಂದು ಮುಚ್ಚಿಬಿಟ್ಟಿವೆ. ಹಾಗೆ ಯೋಚಿಸುತ್ತಲೇ ನಾನು ಎದ್ದು ನಿಂತು, ನೆಟ್ಟಿದ್ದನ್ನು ಬಿಟ್ಟು ತಾನಾಗಿ ಬಂದದ್ದನ್ನು ನೋಡೋಣ, ಒಂದು ಬೆರಕೆ ಸೊಪ್ಪಿನ ಸಾರಿಗಾಗುವಷ್ಟು ಬಗೆಗಳು ಸಿಕ್ಕಿದರೆ ನೆಲಕ್ಕೆ ಜೀವ ಬಂದಿದೆ ಎಂದು ಲೆಕ್ಕ ಎಂದೆ. ಎಲ್ಲರೂ ನಕ್ಕರು, ನಕ್ಕು ಒಪ್ಪಿದರು.

ನೋಡಲು ಹೋದ ದಿನ ಸೊಪ್ಪು ಕೀಳಲು ಅಕ್ಕನೇ ಸೆರಗು ಕಟ್ಟಿ ಬಂದಳು. ಒಳಗೆ ಸಾಲುಸಾಲು ಅಕೇಶಿಯಾ, ಅದರ ಕೆಳಗೆ ಒಂದೇ ಜಾತಿಯ ಹುಲ್ಲು. ಅವಳು ಬಗ್ಗಿ ಬಗ್ಗಿ ಹುಡುಕಿದಳು, ನೋಡಿದ ಕಡೆಯೇ ಮತ್ತೆ ನೋಡಿದಳು. ಕೊನೆಗೆ ತುಂಬಿದ ಮಡಿಲನ್ನು ನನ್ನ ಮುಂದೆ ಬಿಚ್ಚಿ, “ಸಾರಿಗಾಗೋಷ್ಟು ಐತಲ್ಲ!” ಎಂದಳು. ಇದ್ದದ್ದೆಲ್ಲ ಅಣ್ಣೆ ಸೊಪ್ಪು. ಅದು ಅವಳಿಗೂ ಗೊತ್ತಿತ್ತು; ಮುಖ ಆ ಕಡೆ ತಿರುಗಿಸಿದಳು. ಆದರೂ ನಾನು, ಇರುವುದು ಒಂದೇ ಬಗೆ, ಇನ್ನೂ ಆಗಿಲ್ಲ ಎಂದೇ ಹೇಳಿದೆ, ಉಳಿದವರೂ ಹೂಂಗುಟ್ಟಿದರು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಗೇಟಿನ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಮುಂದೆ ಅಕ್ಕ, ಹಿಂದೆ ಕೆಂದಿ.

“ಅಲ್ಲಿ ಹಸ್ರು ಬರೋಗಂಟ ಇವ್ಳು ನಿನ್ನತ್ರನೇ ಇರ್ಲಿ. ಅಳತೆ ಹೇಳ್ದೋಳು ನೀನು, ಕಾಯೋಳೂ ನೀನೇ ಆಗು,” ಎಂದು ಹಗ್ಗವನ್ನು ನನ್ನ ಕೈಗಿತ್ತು, ಕಾಫಿಯನ್ನೂ ಕುಡಿಯದೆ ಹೊರಟಳು.

ಇನ್ನೂ ಆಗಿಲ್ಲ ಎನ್ನುವುದು ಸುಲಭ, ಕಾಯುವವರು ಬೇರೆಯವರಾಗಿದ್ದಾಗ. ಕೆಂದಿ ನನ್ನ ದಾಸವಾಳ, ಕನಕಾಂಬರಗಳನ್ನು ಯಾವ ಮಾನದಂಡವೂ ಇಲ್ಲದೆ ಸ್ವಾಹಾ ಮಾಡಿದಳು. ಸಸ್ಯಗಳ ಬಗ್ಗೆ ಜೀವಮಾನವಿಡೀ ಮಾತನಾಡಿದ ನಾನು ಮೊದಲ ಬಾರಿಗೆ ಕುಡುಗೋಲು ಹಿಡಿದು ಕೆರೆ ಏರಿಯ ಹುಲ್ಲು ಕೊಯ್ದೆ. ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸಿ, “ರಿಸರ್ಚಾ ಮೇಡಂ?” ಎಂದ. ಹೌದಪ್ಪ ಎಂದೆ, ಸುಳ್ಳೇನಲ್ಲವಲ್ಲ.

ಈಗ ನನಗಿರುವಷ್ಟು ಆತುರ ಆ ಗುತ್ತಿಗೆದಾರರಿಗೂ ಇರಲಾರದು. ಬಿಡುವಾದಾಗಲೆಲ್ಲ ಗಂಡಸಿಯ ಬಸ್ಸು ಹತ್ತಿ ಹೋಗಿ ಬೇಲಿಗೆ ಮುಖ ಒತ್ತಿಕೊಂಡು ಕಳೆ ಹುಟ್ಟಲೆಂದು ಹರಸುತ್ತೇನೆ. ಮೊನ್ನೆ ಮಳೆ ನಿಂತ ಮೇಲೆ ಹೋದಾಗ ಅಕೇಶಿಯಾದ ಬುಡದಲ್ಲಿ ಒಂದು ಗಣಿಕೆ ಸೊಪ್ಪಿನ ಗಿಡ, ಯಾವುದೋ ಹಕ್ಕಿ ಉದುರಿಸಿ ಹೋದದ್ದು, ಎಳೆಯ ಎಲೆ ಬಿಟ್ಟಿತ್ತು. ಕುಣಿಯುವುದೊಂದು ಬಾಕಿ. ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ, “ಬಂತು ಕಣಕ್ಕ, ಇನ್ನು ಬೇಲಿ ತೆಗೆಸಿಬಿಡ್ಲಾ?” ಎಂದೆ.

ಅಕ್ಕ ಮೆಲ್ಲಗೆ ಹೇಳಿದಳು: “ಒಂದಕ್ಕೇ ಆತ್ರ ಪಡ್ಬ್ಯಾಡ ಕಣೇ. ಈಗ್ಲೇ ಬುಟ್ರೆ ಕೆಂದಿ ಅದ್ನೇ ಮೊದ್ಲು ತಿಂದಾಕ್ತಾಳೆ. ಇನ್ನೊಂದು ಮಳೆ ಆಗ್ಲಿ, ಇಬ್ರೂ ಕಾಯನ.”